ನಾಲ್ಕು ತೂಬಿನ ಪೆಟ್ಟಿಗೆ

ಹೂವಿನಹಡಗಲಿ
ಗುರುವಾರ, ೧೭-೯-೨೦೦೯

ಮಗಳು ಶೈಲಾಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಮೈ ಹೇಗಿದೆ? ಕೂಸು ಸರಿಯಾಗಿ ಹಾಲು ಕುಡಿಯುತ್ತಿದೆಯೇ? ಜಾಮ್‌ನಗರದಲ್ಲಿ ಗಾಳಿ ಜಾಸ್ತಿ ಎಂದು ಅಳಿಯಂದಿರು ಹೇಳಿದ್ದರು, ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಹೊರಗೆ ಬರಬೇಡ. ಬಾಣಂತಿಯರಿಗೆ ಕೊಡುವ ಅಳವಿ ಪಾಯಸ ನಿನಗೆ ಸೇರುವುದಿಲ್ಲ, ಗೊತ್ತು. ಮೂಗು ಮುಚ್ಚಿಕೊಂಡು ಕುಡಿ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ಹಾಗೆ ಬರೆಯಲು ಕೈ ಏಳುತ್ತಿಲ್ಲ. ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಭಾನುವಾರ ನೀನು “ನನ್ ಮಗಳಿಗೆ ಒಂದ್ ಹೆಸರು ಹೇಳಾಕೂ ಆ ಮನ್ಯಾಗ ಯಾರಿಗೂ ಪುರುಸೊತ್ತಿಲ್ಲೇನಪ್ಪಾ” ಎಂದು ಅತ್ತು ಫೋನ್ ಇಟ್ಟೆಯಲ್ಲ, ಅದು ಇನ್ನೂ ನನ್ನ ಕಿವಿಯಲ್ಲೇ ಇದೆ.

ಈ ಮನೆ ನೋಡಿದರೆ ನನಗೆ ಹೇಸಿಗೆ ಬರುತ್ತದೆ, ಶೈಲಾ. ನೀನು ಹೋದಾಗ ಇದ್ದ ಮನೆಯಲ್ಲ ಇದು. ಯುಗಾದಿಗೆ ಇಂಟರ್‌ನೆಟ್ ಬಂದಾಗ ಇದ್ದದ್ದು ನಿನ್ನ ದೊಡ್ಡಣ್ಣ ಕೊಟ್ರಬಸಪ್ಪನ ಒಂದು ಕಂಪ್ಯೂಟರ್. ಊರೂರಿನ ಮಲ್ಲಿಗೆ ದರ ನೋಡುತ್ತೇನೆ ಎಂದು ತಂದಿಟ್ಟ. ತಿಂಗಳಾಗಲಿಲ್ಲ, ಚಿಕ್ಕಣ್ಣ ಹಂಪೇಶ ಲ್ಯಾಪ್‌ಟಾಪ್ ತಂದ. ಬ್ಲೌಸಿನ ಡಿಸೈನ್ ನೋಡಲು ಬೇಕೆಂದು ನಿನ್ನ ಅತ್ತಿಗೆ ಗೀತಮ್ಮ ಒಂದು ಹಳೇದನ್ನು ತರಿಸಿದಳು. ಆಗ ಒಬ್ಬ ಬಂದು ನಡುಮನೆಯ ಗೋಡೆಗೆ ನಾಲ್ಕು ತೂತಿನ ಪೆಟ್ಟಿಗೆ ಕೂರಿಸಿ, ಮೂರಕ್ಕೆ ವೈರು ಚುಚ್ಚಿ, ಎಲೆ ಅಡಿಕೆ ಉಗುಳಿ ಹೋದ. ಒಂದು ವೈರು ಜಗಲಿಯ ದೇವರ ತಲೆಯ ಮೇಲೇ ಹಾದು ಹೋಗುತ್ತದೆ. ಇನ್ನೊಂದರ ಮೇಲೆ ಗೀತಮ್ಮ ಕೈವಸ್ತ್ರ ಒಣಹಾಕುತ್ತಾಳೆ. ಹಂಪೇಶ ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲೇ ಒತ್ತಿ ಒತ್ತಿ ಆ ಅಕ್ಷರದ ಗುಂಡಿಗಳೆಲ್ಲ ಎಣ್ಣೆ ಜಿಡ್ಡು, ಮುಟ್ಟಿದರೆ ಬೆರಳು ಅಂಟುತ್ತದೆ. ಇಷ್ಟು ಸಾಲದೆಂಬಂತೆ ಪಕ್ಕದ ಮನೆಯ ಪಾಲಾಕ್ಷಪ್ಪ ಕಾಂಪೌಂಡಿನ ಮೇಲಿಂದ ಇಣುಕಿ, “ಇನ್ನೊಂದು ತೂತು ಖಾಲಿ ಐತೆಲ್ರಿ, ನಮ್ ಕಡಿಗೂ ಒಂದ್ ವೈರು ಒಗೀರಿ” ಎನ್ನುತ್ತಾನೆ. ಅವನಿಗೆ ನಾನು ಕೊಟ್ಟ ಉತ್ತರ ಬಾಣಂತಿಗೆ ಬರೆಯುವಂಥದ್ದಲ್ಲ.

ಮೂರೂ ಹಚ್ಚಿದ ದಿನದಿಂದ ಜಗಳ. ನಿನ್ನಿಂದ ನನಗೆ ಸ್ಪೀಡ್ ಇಲ್ಲ, ನಿನ್ನಿಂದ ನನಗಿಲ್ಲ. ಒಂದೇ ತಾಯಿಯ ಮಕ್ಕಳು, ಒಂದೇ ಅಡುಗೆಮನೆಯಲ್ಲಿ ಉಣ್ಣುವವರು, ಕಣ್ಣಿಗೆ ಕಾಣದ ವಸ್ತುವಿಗೆ ಕಚ್ಚಾಡುವುದು ನೋಡಲಾಗದೆ ನಾನೇ ನಡುವೆ ಹೋದೆ. ಮೂವತ್ತೊಂದು ವರ್ಷ ಕಾಲುವೆಯ ಮೇಲೆ ನೀರುಗಂಟಿಯಾಗಿದ್ದವನು ನಾನು. ನೀರಿನ ಪಾಳಿ ಹಂಚುವುದು ನನಗೆ ಹೊಸದಲ್ಲ. ಕೊಟ್ರಬಸಪ್ಪನ ವೈರಿಗೆ ಕೆಂಪು ಬಟ್ಟೆ, ಹಂಪೇಶನದಕ್ಕೆ ಹಸಿರು, ಗೀತಮ್ಮನದಕ್ಕೆ ಹಳದಿ ಕಟ್ಟಿ, ಬೆಳಗ್ಗೆ ಒಬ್ಬರಿಗೆ, ಮಧ್ಯಾಹ್ನ ಒಬ್ಬರಿಗೆ, ಸಂಜೆ ಒಬ್ಬರಿಗೆ ಎಂದು ಪಾಳಿ ಮಾಡಿದೆ. ಹೊಲದಲ್ಲಿ ಆಳಿಲ್ಲದಿದ್ದರೆ ತೂಬು ಮುಚ್ಚು, ಇದು ನನ್ನ ಕಾಲುವೆಯ ಕಾನೂನು. ಇಲ್ಲೂ ಅಷ್ಟೇ, ಕುಳಿತವನು ಎದ್ದರೆ ಅವನ ವೈರು ಕಿತ್ತೆ. ಅವರು ನಕ್ಕರು, ಆದರೆ ಜಗಳ ನಿಂತಿತು. ನಿಮ್ಮ ಅಮ್ಮ ಮಾತ್ರ “ರಿಟೈರಾದ್ರೂ ಸಲಿಕಿ ಕೆಳಗಿಡವಲ್ರಿ ನೀವು” ಎಂದಳು.

ಇನ್ನು ಭಾನುವಾರದ ಮಾತು. ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳದೇ ಇದ್ದಿದ್ದರೆ ಅಮ್ಮ ನಿನ್ನ ಬಾಣಂತನಕ್ಕೆ ರೈಲು ಹತ್ತಿಯೇ ಬರುತ್ತಿದ್ದಳು. ಬೀಗರ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ, ಸೋದರತ್ತೆಯ ಬದಲು ಅಜ್ಜಿಯೇ ಕಂಪ್ಯೂಟರಿನಲ್ಲಿ ಕೂಸಿನ ಕಿವಿಗೆ ಹೆಸರು ಹೇಳಲಿ ಎಂದು ಅವರು ಒಪ್ಪಿದ್ದು ಅವರ ದೊಡ್ಡತನ. ಹೆಸರು ಏನೆಂದು ಅಮ್ಮ ನನಗೂ ಹೇಳಿರಲಿಲ್ಲ, ಮೊದಲು ಕೂಸಿನ ಕಿವಿಗೇ ಬೀಳಬೇಕು ಎಂದಿದ್ದಳು. ಬೆಳಗ್ಗೆ ಏಳಕ್ಕೇ ಇಳಕಲ್ ಸೀರೆ ಉಡಿಸಿಕೊಂಡು, ಮಲ್ಲಿಗೆ ಮುಡಿದು, ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಳು. ಹಂಪೇಶನ ಲ್ಯಾಪ್‌ಟಾಪ್ ಇಡುವುದೆಂದು ಗೊತ್ತಾಗಿತ್ತು. ಕೊನೆ ಗಳಿಗೆಯಲ್ಲಿ ಅದರ ಕ್ಯಾಮೆರಾ ಕೈಕೊಟ್ಟಿತಂತೆ. ಹಂಪೇಶನೇ ಅಣ್ಣನ ಕಂಪ್ಯೂಟರನ್ನು ಉದ್ದದ ವೈರಿನ ಸಮೇತ ಹೊತ್ತು ಒಳಕೋಣೆಗೆ ತಂದಿಟ್ಟ. ಪರದೆಯಲ್ಲಿ ನೀನು ಕಂಡೆ, ತೊಟ್ಟಿಲು ಕಂಡಿತು, ಕೂಸಿನ ಮುಖ ಕಂಡಿತು. ಆಮೇಲೆ ಆ ಮುಖ ಹಾಗೇ ನಿಂತುಬಿಟ್ಟಿತು. ಕಣ್ಣು ಮುಚ್ಚಿದ್ದ ಕೂಸು ಮಲಗಿದೆ ಎಂದುಕೊಂಡ ನಿಮ್ಮ ಅಮ್ಮ ಮೆಲ್ಲಗೆ ಬಾಗಿ, ಯಾರಿಗೂ ಕೇಳದ ಹಾಗೆ, ಮೂರು ಸಲ ಹೆಸರು ಹೇಳಿದಳು. ಅಲ್ಲಿ ನಿಮಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ನಿನ್ನ ಫೋನ್ ಬಂದ ಮೇಲೆ ಇಲ್ಲಿ ನಡೆದದ್ದು ನಾಚಿಕೆಗೇಡು. ಆರತಿಗೆ ಬಂದಿದ್ದ ಮುತ್ತೈದೆಯರ ಎದುರಿಗೇ ಕೊಟ್ರಬಸಪ್ಪ ತಮ್ಮನ ಅಂಗಿ ಹಿಡಿದ. “ಆ ಕಡಿ ಸಿನಿಮಾ ಇಳಿಸಾಕ ಹಚ್ಚಿದ್ದಿ, ಅದ್ಕ ಲೈನು ಸತ್ತೈತಿ, ಹೇಳಲೇ” ಎಂದ. ಹಂಪೇಶ “ಅವ್ವನ ಆಣಿ, ನಾ ಏನೂ ಹಚ್ಚಿದ್ದಿಲ್ಲ” ಎಂದು ಕಣ್ಣೀರು ಹಾಕಿದ. ಹಿಂದೆ ನಾಲ್ಕು ಸಲ ಹಾಗೆ ಸಿನಿಮಾ ಇಳಿಸಿ ಸಿಕ್ಕಿಬಿದ್ದವನು, ಯಾರು ನಂಬುತ್ತಾರೆ? ಅಂದಿನಿಂದ ಅವನು ಮನೆಯಲ್ಲಿ ಉಣ್ಣುತ್ತಿಲ್ಲ, ತನ್ನ ಅಂಗಡಿಯಲ್ಲೇ ಇರುತ್ತಾನೆ. ಅಮ್ಮನನ್ನು ಹೆಸರು ಕೇಳಿದರೆ “ಹೇಳೇನಿ, ಮುಗೀತು” ಎಂದು ಗೋಡೆಯ ಕಡೆ ತಿರುಗುತ್ತಾಳೆ. ಆ ಪೆಟ್ಟಿಗೆ ಮಾತ್ರ ಏನೂ ಆಗಿಲ್ಲವೆಂಬಂತೆ ಮಿಣಮಿಣ ಅನ್ನುತ್ತಿದೆ. ಎತ್ತಿ ತಿಪ್ಪೆಗೆ ಎಸೆಯಬೇಕೆನ್ನಿಸುತ್ತದೆ.

ಅಳಿಯಂದಿರಿಗೂ ಬೀಗರಿಗೂ ನನ್ನ ನಮಸ್ಕಾರ ತಿಳಿಸು, ಅವರ ಮನಸ್ಸು ನೋಯಿಸಿದ್ದಕ್ಕೆ ಕೈಮುಗಿದೆನೆಂದು ಹೇಳು. ಕೂಸಿನ ಅಂಗಾಲಿಗೆ ಅಜ್ಜನ ಮುತ್ತು. ನೀನು ಹೊಟ್ಟೆ ತುಂಬ ಉಂಡು ಚೆನ್ನಾಗಿರು ತಾಯಿ.

ಇಂತಿ ನಿನ್ನ ಅಪ್ಪ,
ಕರಿಸಿದ್ದಪ್ಪ

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ವೈರು ಕಿತ್ತವನು ನಾನು. ಕಂಪ್ಯೂಟರ್ ಬದಲಿಸಿದ್ದು ನನಗೆ ಯಾರೂ ಹೇಳಿರಲಿಲ್ಲ. ನಾನು ಪೆಟ್ಟಿಗೆಯ ಮುಂದೆ ಕಾವಲು ನಿಂತಿದ್ದೆ. ಕೊಟ್ರಬಸಪ್ಪ ನನ್ನೆದುರಿಗೇ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಮಾತಾಡುತ್ತಿದ್ದ, ಅವನ ಕೆಂಪು ವೈರಿನ ದೀಪ ಮಿಣುಕುತ್ತಿತ್ತು. ಆಳಿಲ್ಲದ ಹೊಲಕ್ಕೆ ನೀರು ಹರಿಯುತ್ತಿದೆ, ಮುಚ್ಚಿದರೆ ಕೂಸಿಗೆ ಪೂರಾ ಬಂದೀತು ಎಂದು ಕಿತ್ತೆ. ಸ್ವಲ್ಪ ಹೊತ್ತಿಗೆ ಒಳಗೆ ಹೋದರೆ ನಿಮ್ಮ ಅಮ್ಮ ನಗುನಗುತ್ತಾ ನನ್ನ ಕಿವಿಯನ್ನು ಬಳಿಗೆಳೆದು ಆ ಹೆಸರು ಹೇಳಿದಳು. ಆಗಲೇ ಮಂಚದ ಕೆಳಗೆ ಕೆಂಪು ಬಟ್ಟೆಯ ವೈರು ಕಂಡದ್ದು. ಸುಮ್ಮನೆ ಹೊರಗೆ ಬಂದು ಮತ್ತೆ ಚುಚ್ಚಿದೆ. ಹಂಪೇಶ ಆಣೆ ಇಡುವಾಗಲೂ ಸುಮ್ಮನೇ ನಿಂತಿದ್ದೆ. ಹೇಸಿಗೆ ಬಂದಿರುವುದು ನನ್ನ ಮೇಲೆ, ಮಗಳೇ. ಈ ಕಾಗದ ಡಬ್ಬಿಗೆ ಹಾಕಿ ನೇರ ಅವನ ಅಂಗಡಿಗೆ ಹೋಗುತ್ತೇನೆ. ಕಾಗದ ಸಿಕ್ಕ ಮೇಲೆ ಬರುವ ಮೊದಲ ಭಾನುವಾರ ಕೂಸನ್ನು ಕರೆದುಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತುಕೋ. ನಾನು ಪೆಟ್ಟಿಗೆಯ ಹತ್ತಿರ ಸುಳಿಯದೆ ಪಾಲಾಕ್ಷಪ್ಪನ ಕಟ್ಟೆಯ ಮೇಲಿರುತ್ತೇನೆ. ಹೆಸರು ನನಗೆ ಗೊತ್ತಿದೆ, ಆದರೆ ಇಲ್ಲಿ ಬರೆಯುವುದಿಲ್ಲ. ಅದು ನಿಮ್ಮ ಅಮ್ಮನ ಪಾಳಿ.