ರೇಡಿಯೊ ಇಟ್ಟಿದ್ದ ಜಾಗ

ಮಹಡಿಯ ಕೋಣೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಔಷಧಿಯ ಹನಿ ಹಾಕಿಸಿಕೊಳ್ಳುವಾಗ ಮಗುವಿನ ಹಾಗೆ ಹಟ ಮಾಡುತ್ತೀರಂತೆ, ಅತ್ತಿಗೆ ದೂರು ಹೇಳಿದರು. ಸೈಕಲ್ ಅಂಗಡಿ ಮುಚ್ಚಿದ ಮೇಲೆ ನಿಮಗೆ ಜಗಳವಾಡಲು ಗಿರಾಕಿಗಳಿಲ್ಲ, ಗೊತ್ತು. ಹಾಗಂತ ಸೊಸೆಯ ಮೇಲೆ ತೀರಿಸಿಕೊಳ್ಳಬೇಡಿ. ಇದನ್ನು ಓದಿ ಹೇಳುವಾಗ ಅಣ್ಣ ನಡುವೆ ಸಾಲು ನುಂಗಿದರೆ ಕಿವಿ ಹಿಂಡಿ.

ನಿಮ್ಮ ಬಗ್ಗೆ ನಾನು ಬರೆದ ಕಾದಂಬರಿ ಏನಾಯಿತು ಎಂದು ಕೇಳಿದ್ದಿರಿ. ಅದು ಆಗಲಿಲ್ಲ ಅಪ್ಪಾ. ಮೊದಲ ಸಂಪಾದಕರು ಹಸ್ತಪ್ರತಿ ವಾಪಸು ಕೊಡುತ್ತಾ, "ಇಷ್ಟು ಒಳ್ಳೆ ಅಪ್ಪನ್ನ ಯಾರಮ್ಮ ನಂಬ್ತಾರೆ? ಸ್ವಲ್ಪ ಕುಡಿಸಿ" ಎಂದರು. ಕೆಮ್ಮಿನ ಸಿರಪ್ಪಿಗೇ ಮುಖ ಹಿಂಡುವ ನಿಮಗೆ, ಹೋಗಿ ಹೋಗಿ, ಅರ್ಧ ಬಾಟಲಿ ಕುಡಿಸಿದೆ. ನಗಬೇಡಿ. ಆಮೇಲೆ ಒಬ್ಬ ಏಜೆಂಟ್ ಸಿಕ್ಕರು, ನಮ್ಮಂಥವರ ಬರಹವನ್ನು ಪ್ರಕಾಶಕರ ಬಾಗಿಲಿಗೆ ಮುಟ್ಟಿಸುವ ಹೆಂಗಸು. ಆಕೆ ಮೇಜಿನ ಮೇಲಿನ ರಾಶಿ ತೋರಿಸಿ, "ಇದ್ರಲ್ಲಿ ಅರ್ಧಕ್ಕರ್ಧ ಕುಡುಕ ಅಪ್ಪಂದಿರೇ. ನಿಮ್ಮಪ್ಪ ಇನ್ನೇನ್ ಮಾಡ್ತಾರೆ?" ಎಂದು ಕೇಳಿದರು. ಪಂಕ್ಚರ್ ಹಾಕ್ತಾರೆ ಅಂದೆ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಒಂದು ತೂತು ಸಿಕ್ಕ ಮೇಲೂ ಇನ್ನೊಂದಿರಬಹುದೆಂದು ಪೂರ್ತಿ ತಿರುಗಿಸಿ ನೋಡುತ್ತಾರೆ, "ಗಿರಾಕಿ ಅರ್ಧ ದಾರೀಲಿ ತಳ್ಕೊಂಡು ಹೋಗ್ಬಾರ್ದು" ಅಂತಾರೆ ಅಂದೆ. ಆಕೆ ಗಡಿಯಾರ ನೋಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ಅನ್ನಬಹುದು. ಅನ್ನಿ. ನನಗೂ ಸಾಕಾಗಿ ಹಸ್ತಪ್ರತಿಯನ್ನು ಅಟ್ಟಕ್ಕೆ ಹಾಕಿದ್ದೇನೆ.

"ನನ್ ಮಗಳು ನನ್ ಬಗ್ಗೇನೇ ಪುಸ್ತಕ ಬರ್ದಿದಾಳೆ" ಎಂದು ಕ್ಷೌರದಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೀರಿ. ಅದನ್ನು ಇಡಲೆಂದು ಕಪಾಟಿನಿಂದ ರೇಡಿಯೊ ಬೇರೆ ಇಳಿಸಿದ್ದೀರಂತೆ. ಮತ್ತೆ ಅಲ್ಲೇ ಇಡಿ. ಯಾರಾದರೂ ಕೇಳಿದರೆ ಮಗಳಿಗೆ ಬರೆಯಲು ಬರುವುದಿಲ್ಲ ಎಂದುಬಿಡಿ, ನನಗೇನೂ ಬೇಜಾರಿಲ್ಲ.

ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ.

ನಿಮ್ಮ
ಕಿರಿ ಮಗಳು

ಮರೆತಿದ್ದೆ: ಅಣ್ಣಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಪುಸ್ತಕ ಅಚ್ಚಾಗಿದೆ. ಏಜೆಂಟ್ ಕೇಳಿದ್ದಕ್ಕೆ ಮನೆಗೆ ಬಂದು ಉತ್ತರ ಬರೆದೆ. ಅಪ್ಪ ಗಾಳಿ ಪಂಪಿನಿಂದ ಅಮ್ಮನಿಗೆ ಹೊಡೆಯುವ ಅಧ್ಯಾಯ. ಓದಿ, "ಈಗ ನಿಜ ಅನ್ನಿಸ್ತಿದೆ" ಅಂದರು. ಕರಾರಿಗೆ ಸಹಿ ಹಾಕಿಬಿಟ್ಟೆ. ಅಮ್ಮ ಹೋದ ಮೇಲೂ ಅವಳ ಸೈಕಲ್ಲಿಗೆ ಗಾಳಿ ತುಂಬಿಡುವ ಮನುಷ್ಯ ನಮ್ಮಪ್ಪ. ನಾಚಿಕೆಯಾಗುತ್ತಿದೆ. ಪುಸ್ತಕ ನಿಲ್ಲಿಸಿ ಎಂದು ಕೇಳಿ ನೋಡಿದೆ, ಇನ್ನು ಆಗುವುದಿಲ್ಲವಂತೆ. ಪುಸ್ತಕ ಬರಲೇ ಇಲ್ಲ ಎಂದು ನೀನು ಅಪ್ಪನಿಗೆ ಹೇಳುತ್ತಿರು. ಆದರೆ ಕ್ಷೌರದಂಗಡಿಯವರ ಬಾಯಿ ಹೇಗೆ ಮುಚ್ಚಿಸುತ್ತೀಯೋ ತಿಳಿಯುತ್ತಿಲ್ಲ. ಮೊದಲ ಸಲ ಹಸ್ತಪ್ರತಿ ಕಳಿಸುವಾಗ ಹೆಮ್ಮೆಯಿಂದ ನಾನೇ ಇಟ್ಟಿದ್ದ ಫೋಟೋವನ್ನು ಮುಖಪುಟಕ್ಕೆ ಹಾಕಿದ್ದಾರೆ. ಅಂಗಡಿ ಬಾಗಿಲಲ್ಲಿ ಅಪ್ಪ ಪಂಪು ಹಿಡಿದು ನಗುತ್ತಾ ನಿಂತಿದ್ದಾರೆ.