ನಿಮ್ಮ ಗೋಡೆಯ ಪಟದ ಹಿಂದಿರುವ ಹನ್ನೊಂದು ಪುಟ

ಗೋಡೆಗೆ ಬೆನ್ನು ಹಾಕಿ ಕುಳಿತಿರುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಧರ್ಮದ ಹೆಸರು ನಿಮ್ಮ ಅರ್ಜಿಯ ಐದು ಚೌಕಗಳಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ನನ್ನ ಮಗಳಿಗೆ ಆರನೇ ತರಗತಿಯ ಪ್ರವೇಶ ನಿರಾಕರಿಸಿದ್ದೀರಿ. ನಲವತ್ತು ದಿನದಿಂದ ಅವಳು ಮನೆಯಲ್ಲಿದ್ದಾಳೆ. ಈ ಶುಕ್ರವಾರ ಪ್ರವೇಶದ ಪುಸ್ತಕ ಮುಚ್ಚಿದರೆ ಅವಳ ಒಂದು ವರ್ಷ ಹೋಯಿತು.

ನಿಮ್ಮ ಗುಮಾಸ್ತರು ಕರುಣಾಳುಗಳು. "ಯಾವುದಾದ್ರೂ ಒಂದಕ್ಕೆ ಟಿಕ್ ಹಾಕಿಬಿಡಿ, ದೇವರೇನು ಬಂದು ಫಾರಂ ನೋಡ್ತಾನಾ?" ಎಂದರು. ಮಗಳು ನನ್ನ ತೋಳು ಜಗ್ಗಿದಳು: "ಅಪ್ಪಾ, ಸುಳ್ಳು ಬರೆದ್ರೆ ಸ್ಕೂಲಲ್ಲಿ ಬಯ್ಯಲ್ವಾ?" ಅಷ್ಟರಲ್ಲಿ ಒಳಗಿನಿಂದ ತಾವೇ ಗದರಿದಿರಿ: "ಧರ್ಮ ಇಲ್ಲದೋರಿಗೆ ಸೀಟು ಕೊಡಬೇಕು ಅಂತ ಎಲ್ಲಿ ಬರೆದಿದೆ? ತೋರಿಸಿ!" ನಮಗೆ ಧರ್ಮವಿದೆ ಸ್ವಾಮಿ, ಚೌಕವಿಲ್ಲ. ಅದನ್ನು ಹೇಳುವ ಮೊದಲೇ ಬಾಗಿಲು ಮುಚ್ಚಿತು.

ಎಲ್ಲಿ ಬರೆದಿದೆಯೆ? ಹೇಳುತ್ತೇನೆ, ಕೇಳಿಸಿಕೊಳ್ಳಿ. ನಾನು ಪಟಗಳಿಗೆ ಕಟ್ಟು ಹಾಕುವವನು. ಎರಡು ವರ್ಷದ ಹಿಂದೆ, ವಿದೇಶಿ ನಿಯೋಗ ಬರುವ ವಾರ, ನಿಮ್ಮ ಜವಾನ ಹನ್ನೆರಡು ಪುಟ ತಂದುಕೊಟ್ಟ. ಶಿಕ್ಷಣದಲ್ಲಿ ಧರ್ಮದ ಕಾರಣಕ್ಕೆ ಯಾರನ್ನೂ ಹೊರಗಿಡುವುದಿಲ್ಲವೆಂದು ನಮ್ಮ ದೇಶ ಹತ್ತಾರು ದೇಶಗಳೆದುರು ಸಹಿ ಹಾಕಿದ ಒಪ್ಪಂದದ ಪ್ರತಿ. "ಸಹಿ ಇರೋ ಪುಟ ಮಾತ್ರ ಕಾಣ್ಬೇಕಂತೆ. ಮಿಕ್ಕಿದ್ದನ್ನ ಹಿಂದೆ ತುರುಕಿಬಿಡಿ, ಸಾಹೇಬ್ರೇ ಹೇಳಿದ್ದು" ಎಂದ. ಗಾಜು ಅಲುಗಾಡದಿರಲೆಂದು ಹಿಂದೆ ರದ್ದಿ ಕಾಗದ ತುಂಬುವುದು ನಮ್ಮ ಕಸುಬಿನ ಪದ್ಧತಿ. ಓದಿದೆ, ನಕ್ಕೆ, ತುಂಬಿದೆ. ನನ್ನ ಮಗಳಿಗೇ ಅದು ಬೇಕಾದೀತೆಂದು ಹೊಳೆಯಲಿಲ್ಲ. ಇಂದು ನಾಚಿಕೆಯಾಗುತ್ತಿದೆ.

ನಿಮಗಾಗುವುದಿಲ್ಲ, ಬಿಡಿ. ಈಗ ನಿಮ್ಮ ಬೆನ್ನ ಹಿಂದೆ ತೂಗುತ್ತಿರುವ ಆ ಪಟದ ಕೆಳಗೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡವರು ತಾವು. ದೇಶ ಕೊಟ್ಟ ಮಾತೆಂದರೇನು, ನೆಂಟರು ಬಂದಾಗ ಹಾಸಿ, ಹೋದಮೇಲೆ ಮಡಚಿಡುವ ಹೊಸ ಚಾದರವೇ? ಪರದೇಶದವರಿಗೆ ಸಹಿ, ಸ್ವಂತ ಮಕ್ಕಳಿಗೆ ಬಾಗಿಲಾಚೆಯ ಬೆಂಚು! ಭೇಷ್!

ನನ್ನ ಬೇಡಿಕೆ ದೊಡ್ಡದೇನಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಗಳ ಜೊತೆ, ಸ್ಕ್ರೂಡ್ರೈವರ್ ಸಮೇತ ಬರುತ್ತೇನೆ. ಪಟ ಇಳಿಸಿ. ಹಿಂದೆ ಇರುವುದು ನಾಲ್ಕೇ ಸ್ಕ್ರೂ. ಯಾರನ್ನೂ ಹೊರಗಿಡುವುದಿಲ್ಲವೆಂಬ ಮಾತಿರುವ ಮೂರನೇ ಪುಟವನ್ನು ಅವಳೇ ಗಟ್ಟಿಯಾಗಿ ಓದುತ್ತಾಳೆ. ಐದನೇ ತರಗತಿ ಪಾಸಾದವಳಿಗೆ ತಿಳಿಯುವ ಮಾತು ಅದು, ತಾವೂ ಪ್ರಯತ್ನಿಸಿ. ಆಮೇಲೆ ಅವಳ ಹೆಸರು ಬರೆದುಕೊಳ್ಳಿ. ಆಗದು ಎನ್ನುವಿರಾದರೆ, ಎದುರಿಗೆ ಕಾಣುವ ಆ ಸಹಿಯ ಪುಟವನ್ನೂ ಆ ರದ್ದಿಯ ಜೊತೆಗೇ ಒಳಗೆ ತುರುಕಿ, ಬರೀ ಗಾಜು ತೂಗುಹಾಕಿ ಹೋಗುತ್ತೇನೆ.

ಇಂತಿ,
ದೇಶದ ಮಾತನ್ನು ಕೈಯಾರೆ ಮುಚ್ಚಿ ಸ್ಕ್ರೂ ಬಿಗಿದ ಪಾಪಿ,
ಮನೆಯಲ್ಲಿ ಕೂತ ಹುಡುಗಿಯ ಅಪ್ಪ