ನನ್ನ ಪರವಾಗಿ ನೀವು ಹೇಳಿದ್ದು

ರೀ,

ಅಡುಗೆ ಒಲೆಯ ಮೇಲಿದೆ. ಉಪ್ಪು ಹೆಚ್ಚುಕಡಿಮೆ ಆಗಿರಬಹುದು, ನನ್ನ ಮನಸ್ಸು ನೆಟ್ಟಗಿರಲಿಲ್ಲ.

ಕೆಳಮನೆಯ ಟೈಲರಮ್ಮ ವಾರವಿಡೀ ನನ್ನನ್ನು ವಾಕಿಂಗಿಗೆ ಕರೆಯಲಿಲ್ಲ. ಏನು ತಪ್ಪು ಮಾಡಿದೆನೋ ಎಂದು ಕೊರಗಿದೆ. ಈ ದೇಶದ ಭಾಷೆಯಲ್ಲಿ ಕ್ಷಮೆ ಕೇಳುವುದನ್ನು ಸಂಜೆ ಕ್ಲಾಸಿನ ಮೇಡಂ ಹತ್ತಿರ ತಿದ್ದಿಸಿಕೊಂಡು ಬಾಯಿಪಾಠ ಮಾಡಿದೆ. ಇವತ್ತು ಮೆಟ್ಟಿಲ ಮೇಲೆ ಅವಳಿಗೆ ಒಪ್ಪಿಸಿದೆ. ಪಾಪ, ಪೂರ್ತಿ ಕೇಳಿಸಿಕೊಂಡು, "ಅಯ್ಯೋ, ನಿನಗೆ ಪುರುಸೊತ್ತಿಲ್ಲ, ಇನ್ಮೇಲೆ ಕರೀಬೇಡಿ ಅಂತ ನಿನ್ ಗಂಡನೇ ಹೇಳಿದ್ರಲ್ಲೇ!" ಅಂತ ತನ್ನ ಭಾಷೆಯಲ್ಲಿ ಅಂದಳು.

ನಿಮಗೆ ಇಸ್ಪೀಟಿಗೆ ಮನೆ ತುಂಬ ಗೆಳೆಯರು. ಈ ಊರಲ್ಲಿ ನನಗಿರುವವಳು ಅವಳೊಬ್ಬಳೇ.

ಯೂನಿಫಾರ್ಮ್ ಒಣಗಿದೆ, ಇಸ್ತ್ರಿ ನೀವೇ ಮಾಡಿಕೊಳ್ಳಿ. ನಾನು ಅವಳ ಜೊತೆ ವಾಕಿಂಗಿಗೆ ಹೊರಟೆ. ಇನ್ನು ಮುಂದೆ ಯಾರಾದರೂ ನನ್ನನ್ನು ಕರೆಯಲು ಬಂದರೆ, "ಅವಳನ್ನೇ ಕೇಳಿ" ಅನ್ನಿ. ಅಷ್ಟು ಭಾಷೆ ನಿಮಗೂ ಬರುತ್ತದೆ.